ಲೆಕ್ಕಕ್ಕೆ ಸಿಗದ ಹದಿಮೂರು ಲೀಟರ್

"ಅದು ನನ್ನ ಪೆಟ್ರೋಲ್ ಅಲ್ಲವೇ ಅಲ್ಲ!" ಎಂದು ಕೆಂಪು ಬಂಕಿನ ಯಜಮಾನ ಮೇಜು ಗುದ್ದಿದ. ಅದರ ಮೇಲಿದ್ದ ಎರಡು ಫಿಲ್ಟರ್ ಪೇಪರುಗಳೂ ಹಾರಿ ನೆಲಕ್ಕೆ ಬಿದ್ದವು.

ನಾನು ಹೆಕ್ಕಿ ಮತ್ತೆ ಅಕ್ಕಪಕ್ಕ ಇಟ್ಟೆ. ಎಡಗಡೆಯದರ ಮೇಲೆ ಐದು ನಿಮಿಷದ ಹಿಂದೆ ಅವನ ಪಂಪಿನ ಮೂತಿಯಿಂದಲೇ ಒಂದು ಹನಿ ಬೀಳಿಸಿದ್ದೆ. ಅದು ಆರಿ, ಕಾಗದ ಮೊದಲಿನಂತೆ ಬೆಳ್ಳಗಾಗಿತ್ತು. ಬಲಗಡೆಯದರ ಮೇಲೆ ಬಿದ್ದದ್ದು ಲೆಕ್ಕದ ಮೇಷ್ಟ್ರ ಕಾರಿನ ಟ್ಯಾಂಕಿನಿಂದ, ಇನ್ಸ್‌ಪೆಕ್ಟರ್ ಕಣ್ಣೆದುರೇ ಸೀಸೆಗೆ ಇಳಿಸಿಕೊಂಡು ತಂದ ಹನಿ. ಆರಿದ ಮೇಲೂ ಅಲ್ಲೊಂದು ಎಣ್ಣೆಯ ಉಂಗುರ ಉಳಿದಿತ್ತು. ಅಂಚಿನಲ್ಲಿ ತೆಳುವಾದ ನೀಲಿ ಬಣ್ಣ.

"ನೀಲಿ ಅಂದ್ರೆ ಸೀಮೆಎಣ್ಣೆ. ಇದನ್ನ ನಿಮಗೆ ನಾನು ಹೇಳಿಕೊಡಬೇಕಾ ಯಜಮಾನ್ರೇ?" ಎಂದೆ.

ಶನಿವಾರ ಬೆಳಿಗ್ಗೆ ಈ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೊರಟ ಮೇಷ್ಟ್ರ ಕಾರು ಸೇತುವೆಯ ಏರಿನಲ್ಲಿ ಕೆಮ್ಮಿ ನಿಂತುಬಿಟ್ಟಿತು, ಹಿಂದಿನಿಂದ ಬಂದ ಬಸ್ಸು ಗುದ್ದಿತು, ಮೇಷ್ಟ್ರು ಇವತ್ತಿನವರೆಗೆ ಕಣ್ಣು ಬಿಟ್ಟಿಲ್ಲ. ಅಂದು ಮುಂಜಾನೆ ಆ ಕಾರಿಗೆ ಕೈ ಹಚ್ಚಿದ್ದ ಮೆಕ್ಯಾನಿಕ್ ನಿನ್ನೆಯಿಂದ ಠಾಣೆಯಲ್ಲಿದ್ದಾನೆ. ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅವನು ನನ್ನ ಒಬ್ಬನೇ ತಮ್ಮ. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

"ಗಾಡಿ ಸರಿಯಾಗಿತ್ತು ಸಾರ್, ಪೆಟ್ರೋಲೇ ಸರಿ ಇರಲಿಲ್ಲ" ಎಂದು ತಮ್ಮ ನೂರು ಸಲ ಹೇಳಿದ್ದ. ಇನ್ಸ್‌ಪೆಕ್ಟರ್ ನಕ್ಕಿದ್ದರು. "ನಾಲ್ಕರೊಳಗೆ ಏನಾದ್ರೂ ತಂದು ತೋರ್ಸಿ, ಬರೀ ಅಕ್ಕನ ಬಾಯಿಮಾತು ಬೇಡ" ಎಂದು ನನ್ನನ್ನು ಕಳಿಸಿದ್ದರು.

"ಲೀಟರಮ್ಮಾವ್ರೇ," ಯಜಮಾನ ಧ್ವನಿ ಇಳಿಸಿದ, "ಸಾಂದ್ರತೆ ನೋಡಿದ್ರಿ. ನೀರಿನ ಪರೀಕ್ಷೆ ಮಾಡಿದ್ರಿ. ಶುಕ್ರವಾರ ಬಂದ ಟ್ಯಾಂಕರಿಂದ ತೆಗೆದಿಟ್ಟ ಸ್ಯಾಂಪಲ್‌ನ ಸೀಲು ನಿಮ್ಮ ಕೈಯಿಂದಲೇ ಒಡೆದ್ರಿ. ಇನ್ನೇನು ನನ್ನ ರಕ್ತ ಪರೀಕ್ಷೆ ಮಾಡ್ತೀರಾ?"

ಲೀಟರಮ್ಮ ಎಂಬುದು ಬಂಕಿನವರು ನನಗೆ ಇಟ್ಟ ಅಡ್ಡಹೆಸರು. ಇಪ್ಪತ್ತೆರಡು ವರ್ಷ ಅಳತೆ-ತೂಕದ ಇಲಾಖೆಯಲ್ಲಿ ಐದು ಲೀಟರಿನ ಕ್ಯಾನು ಹಿಡಿದು ಇವರ ಪಂಪುಗಳ ಮೋಸ ಹಿಡಿದವಳು ನಾನು. ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದರೂ ಕ್ಯಾನು ಬಿಟ್ಟಿಲ್ಲ. ಕೋಪವೂ ಬಿಟ್ಟಿಲ್ಲ, ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ.

"ಹೊರಗೆ ಆ ಬೋರ್ಡು ಯಾಕೆ ಹಾಕಿದ್ದೀರಿ?" ಎಂದು ಕಿಟಕಿಯಾಚೆ ಕೈ ತೋರಿಸಿದೆ. 'ನಮ್ಮ ಪೆಟ್ರೋಲ್, ಟ್ಯಾಂಕಿಗೆ ನಲವತ್ತು ಕಿಲೋಮೀಟರ್ ಹೆಚ್ಚು ಓಟ' ಎಂದು ಆಳೆತ್ತರದ ಅಕ್ಷರ. ರಸ್ತೆಯ ಆಚೆ ಬದಿಯ ಹಸಿರು ಬಂಕಿನಲ್ಲೂ ಅಷ್ಟೇ ಎತ್ತರದ ಬೋರ್ಡು, ಅದರಲ್ಲಿ ಐವತ್ತು ಕಿಲೋಮೀಟರ್.

ಯಜಮಾನ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ.

"ನಂದೂ ಅವಂದೂ ಒಂದೇ ಡಿಪೋ ಅಮ್ಮಾ. ಒಂದೇ ಪೈಪು. ಟ್ಯಾಂಕರ್‌ಗೆ ತುಂಬೋವಾಗ ಅವರ ಕಂಪನಿ ಒಂದಿಷ್ಟು ಮದ್ದು ಬೆರೆಸುತ್ತೆ, ನಮ್ಮ ಕಂಪನಿ ಒಂದಿಷ್ಟು. ಎಂಜಿನ್ ಒಳಗೆ ಮಸಿ ಕಟ್ಟಬಾರದು ಅಂತ. ಅದೂ ವರ್ಷಗಟ್ಟಲೆ ಓಡಿಸಿದ್ರೆ ಗೊತ್ತಾಗೋ ಮಾತು. ಇವತ್ತು ಹಾಕಿಸಿ ನಾಳೆ ಗಾಡಿ ಕುದುರೆ ಆಗಲ್ಲ."

"ಮತ್ತೆ ಬೋರ್ಡು?"

"ಬೋರ್ಡು ಇರೋದು ಕಾರಿಗಲ್ಲಮ್ಮಾ, ಕಾರಿನವರಿಗೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮ ಬಡಾವಣೆಯೇ ಈ ಬೋರ್ಡುಗಳಿಂದ ಎರಡು ಹೋಳಾಗಿತ್ತು. ಒಂದೇ ಮನೆಯಲ್ಲಿ ಅಪ್ಪ ಕೆಂಪು, ಅಳಿಯ ಹಸಿರು. ಮಾತಿಗೆ ಮಾತು ಬೆಳೆದು ಊಟದ ತಟ್ಟೆ ಬಿಟ್ಟು ಎದ್ದವರಿದ್ದಾರೆ. ಈ ಜಗಳ ಬಗೆಹರಿಸುತ್ತೇನೆಂದು ನಿವೃತ್ತ ಲೆಕ್ಕದ ಮೇಷ್ಟ್ರು ಎರಡು ವರ್ಷದಿಂದ ಒಂದು ಟ್ಯಾಂಕು ಕೆಂಪು, ಒಂದು ಟ್ಯಾಂಕು ಹಸಿರು ಹಾಕಿಸಿ, ಒಂದೇ ದಾರಿಯಲ್ಲಿ ಓಡಿಸಿ, ಓಡಿದ ದೂರ ಬರೆದಿಡುತ್ತಿದ್ದರು. ಕೆಂಪಿಗೆ ಹಸಿರು ಬೆರೆಯಬಾರದೆಂದು ಪ್ರತಿಸಲವೂ ನನ್ನ ತಮ್ಮನ ಗ್ಯಾರೇಜಿನಲ್ಲಿ ಹಳೆಯದನ್ನು ತೆಗೆಸಿ, ಬಂಕಿನವರೆಗೆ ಬರಲು ಎರಡೇ ಲೀಟರ್ ಉಳಿಸಿಕೊಂಡು ಬರುತ್ತಿದ್ದರು. ಅಂಥ ಹಠದ ಮನುಷ್ಯ.

ಅವರ ನೋಟ್‌ಬುಕ್ಕಿನ ಪುಟಗಳ ಫೋಟೋ ನನ್ನ ಫೋನಿನಲ್ಲಿತ್ತು. ಯಜಮಾನನ ಮುಂದೆ ಹಿಡಿದೆ.

"ಕೆಂಪು, ಲೀಟರಿಗೆ ಹದಿನೈದೂವರೆ ಕಿಲೋಮೀಟರ್. ಹಸಿರು, ಹದಿನೈದೂವರೆ. ಎರಡು ವರ್ಷದ ಸರಾಸರಿ. ಕಾರು ಮಾಲೀಕರ ಸಭೆಯಲ್ಲಿ ಭಾನುವಾರ ಇದನ್ನ ಓದೋರಿದ್ರು. ಶನಿವಾರ ಆಸ್ಪತ್ರೆ ಸೇರಿದ್ರು. ಶುಕ್ರವಾರ ಸಂಜೆ ನೀವು ಅವರ ಮನೆಗೆ ಹೋಗಿದ್ರಿ."

"ನಾನು ಯಾಕೆ ಹೋಗ್ಲಿ?" ಎಂದ. ಹಾಗೆನ್ನುತ್ತಲೇ ಅಂಗಿಯ ಕಾಲರು ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಮೇಷ್ಟ್ರ ಹೆಂಡತಿ ಹೇಳಿದ್ದು."

ಯಜಮಾನ ಕುರ್ಚಿಯಲ್ಲಿ ಕುಸಿದ. "ಹೋಗಿದ್ದೆ. ಸಮ ಅಂತ ಮಾತ್ರ ಹೇಳ್ಬೇಡಿ ಮೇಷ್ಟ್ರೇ, ನಂದು ಕಾಲು ಕಿಲೋಮೀಟರ್ ಹೆಚ್ಚು ಅನ್ನಿ ಸಾಕು ಅಂತ ಬೇಡ್ಕೊಂಡೆ. 'ಏಳನೇ ಕ್ಲಾಸಲ್ಲೂ ನೀನು ಹೀಗೇ ಕಾಪಿ ಹೊಡೀತಿದ್ದೆ' ಅಂತ ಬೈದು ಕಳಿಸಿದ್ರು. ಸಿಟ್ಟು ಬಂತು, ನಿಜ. ಆದ್ರೆ ನನ್ನ ಬಂಕಿಂದ ಹೊರಟ ಗಾಡಿ ಸೇತುವೆ ಮೇಲೆ ಸತ್ರೆ ನನಗೇನಮ್ಮಾ ಲಾಭ? ಶನಿವಾರದಿಂದ ಈ ಕಡೆ ಒಂದು ಗಾಡಿ ತಿರುಗ್ತಿಲ್ಲ. ನಾನೊಬ್ಬನೇ ಹೋದೋನಲ್ಲ, ನಾನು ಮೆಟ್ಟಿಲು ಹತ್ತೋವಾಗ ಎದುರಿನವನು ಇಳಿದು ಬರ್ತಿದ್ದ."

"ಎದುರಿನವರ ಮೇಲೆ ಕೆಸರು ಎರಚೋದು ನಿಮ್ಮ ಹಳೇ ಚಾಳಿ!" ನಾನು ಸಿಡುಕಿದೆ. "ಅವರು ಬೆಳಿಗ್ಗೆಯೇ ವಕೀಲರನ್ನ ಕರ್ಕೊಂಡು ಠಾಣೆಗೆ ಹೋಗಿ ನನ್ನ ತಮ್ಮನ ಪಕ್ಕ ಕೂತಿದ್ದಾರೆ. ನೀವೇನು ಮಾಡಿದ್ರಿ?"

ಅದು ನಿಜವಾಗಿತ್ತು. ಹಸಿರು ಬಂಕಿನ ಯಜಮಾನ ನನ್ನ ತಮ್ಮನಿಗೆ ಒಡಹುಟ್ಟಿದವನಿಗಿಂತ ಹೆಚ್ಚು. ಬೆಳಿಗ್ಗೆ ಏಳಕ್ಕೇ ಫೋನು ಮಾಡಿ, "ಅಕ್ಕ, ನೀವು ಎದುರಿನವನ ಪೆಟ್ರೋಲ್ ನೋಡಿ, ಠಾಣೆ ಚಿಂತೆ ನನಗೆ ಬಿಡಿ" ಎಂದಿದ್ದ. ಎರಡು ರಾತ್ರಿಯಿಂದ ನಿದ್ದೆಯಿಲ್ಲದ ನನಗೆ ಆ ಮಾತು ಕೇಳಿ ಅಳು ಬಂದಿತ್ತು. "ಹೋಗಿ ಬಾಪ್ಪಾ" ಎಂದು ನಾನೇ ಕಳಿಸಿದ್ದೆ.

ಯಜಮಾನನ ಜೊತೆ ಇನ್ನು ಮಾತಿನಲ್ಲಿ ಗೆಲ್ಲುವಂತಿರಲಿಲ್ಲ. ನನ್ನ ಕ್ಯಾನು ಎತ್ತಿಕೊಂಡು ಅಂಗಳಕ್ಕೆ ನಡೆದೆ.

ಮೇಷ್ಟ್ರಿಗೆ ಶನಿವಾರ ಪೆಟ್ರೋಲ್ ಹಾಕಿದ್ದು ಮೂರನೇ ಪಂಪಿನ ಹೆಂಗಸು. ತಲೆಗೆ ಟೋಪಿ, ಕೈಯಲ್ಲಿ ಸದಾ ಒಂದು ಚಿಂದಿ ಬಟ್ಟೆ. ಅವಳ ಪಂಪಿನಿಂದ ನನ್ನ ಕ್ಯಾನಿಗೆ ಐದು ಲೀಟರ್ ಹಿಡಿದೆ. ಗೆರೆಗೆ ಸರಿಯಾಗಿ ನಿಂತಿತು, ಒಂದು ಚಮಚವೂ ಕಡಿಮೆಯಿಲ್ಲ. ಅಳೆದದ್ದನ್ನು ಬಂಕಿನ ಟ್ಯಾಂಕಿಗೇ ವಾಪಸು ಸುರಿಸಿದೆ. ಪೆಟ್ರೋಲೂ ಶುದ್ಧ, ಅಳತೆಯೂ ಶುದ್ಧ. ನನ್ನ ಜೀವಮಾನದಲ್ಲಿ ಒಂದು ಬಂಕು ಪ್ರಾಮಾಣಿಕವಾಗಿದ್ದಕ್ಕೆ ನಾನು ಇಷ್ಟು ನೊಂದದ್ದು ಇದೇ ಮೊದಲು.

ಅಷ್ಟರಲ್ಲಿ ಒಂದು ಹಳೇ ವ್ಯಾನು ಆಯಿಲ್ ಕೇಳಿಕೊಂಡು ಬಂತು. ಹೆಂಗಸು ಜೇಬಿನಿಂದ ಹಳೇ ರಿಜಿಸ್ಟರಿನ ಒಂದು ಹಾಳೆ ತೆಗೆದಳು. ದಿನಾ ಬೆಳಿಗ್ಗೆ ಸಾಂದ್ರತೆ ಬರೆಯುವ ರಿಜಿಸ್ಟರು ಅದು, ಸುತ್ತಲೂ ಕಂಪನಿಯ ಕೆಂಪು ಅಂಚು. ಸರ್ರನೆ ಪೊಟ್ಟಣದ ಹಾಗೆ ಸುತ್ತಿ, ತುದಿ ಮಡಚಿ, ಎಂಜಿನ್ನಿನ ಬಾಯಿಗೆ ಇಟ್ಟು ಆಯಿಲ್ ಸುರಿದಳು. ಒಂದು ಹನಿ ಚೆಲ್ಲಲಿಲ್ಲ. ಬಂಕಿನವರೆಲ್ಲ ಹೀಗೇ. ಲಾಳಿಕೆ ಕೊಟ್ಟರೂ ಮೂಲೆಗಿಟ್ಟು ಕಾಗದವನ್ನೇ ಸುತ್ತುತ್ತಾರೆ.

"ಶನಿವಾರ ಮೇಷ್ಟ್ರು ಬಂದಾಗ ಏನಾದ್ರೂ ಬೇರೆ ಥರ ಇತ್ತೇನಮ್ಮಾ?" ಎಂದು ಕೇಳಿದೆ.

"ಬಂದಾಗಲೇ ಗಾಡಿ ಕೆಮ್ತಾ ಇತ್ತಮ್ಮಾ" ಎಂದಳು ಕೈ ಒರೆಸಿಕೊಳ್ಳುತ್ತ. "ಇವತ್ತು ಯಾಕೋ ಇದಕ್ಕೆ ನೆಗಡಿ ಅಂತ ಮೇಷ್ಟ್ರೇ ತಮಾಷೆ ಮಾಡಿದ್ರು. ಆಮೇಲೆ ಇನ್ನೊಂದು. ಅವರ ಟ್ಯಾಂಕು ಯಾವತ್ತೂ ಮೂವತ್ಮೂರು ಲೀಟರ್ ಕುಡಿಯುತ್ತೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಅವತ್ತು ಇಪ್ಪತ್ತಕ್ಕೇ ಪೈಪು ಟಕ್ ಅಂತ ನಿಂತ್ಬಿಡ್ತು. ಬಾಯಿವರೆಗೂ ತುಂಬಿತ್ತು. ಮೇಷ್ಟ್ರು ನೋಟ್‌ಬುಕ್ ಹಿಡ್ಕೊಂಡು ತುಂಬಾ ಹೊತ್ತು ಯೋಚ್ನೆ ಮಾಡ್ತಾ ನಿಂತ್ರು. ಹಿಂದಿನ ಗಾಡಿಯೋರು ಹಾರನ್ ಹೊಡೆದ್ರು, ಹೊರಟುಹೋದ್ರು."

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಕೊನೆಯ ಸಾಲಿನಲ್ಲಿ '೨೦', ಅದರ ಪಕ್ಕ ಒಂದು ಪ್ರಶ್ನೆ ಗುರುತು. ಎರಡು ದಿನದಿಂದ ಅದನ್ನು ನೋಡುತ್ತಲೇ ಇದ್ದೆ, ಅರ್ಧ ಟ್ಯಾಂಕು ಹಾಕಿಸಿರಬೇಕೆಂದು ಸುಮ್ಮನಿದ್ದೆ. ಲೀಟರಮ್ಮ ಎನ್ನಿಸಿಕೊಂಡವಳಿಗೆ ಲೀಟರೇ ಕಣ್ಣಿಗೆ ಬೀಳಲಿಲ್ಲ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

ಮೂವತ್ತೈದು ಲೀಟರಿನ ಟ್ಯಾಂಕು. ಒಳಗಿದ್ದದ್ದು ಎರಡು, ತುಂಬಿದ್ದು ಇಪ್ಪತ್ತು. ಉಳಿದ ಹದಿಮೂರು ಲೀಟರ್ ಬಂಕಿಗೆ ಬರುವ ಮೊದಲೇ ಟ್ಯಾಂಕಿನಲ್ಲಿತ್ತು.

"ನೋಡಿದ್ರಾ?" ಹಿಂದಿನಿಂದ ಯಜಮಾನ ಹೇಳಿದ. ಅವನ ಮುಖಕ್ಕೆ ಕಳೆ ವಾಪಸು ಬಂದಿತ್ತು. "ನನ್ನ ಬಂಕಿಗೆ ಮುಂಚೆ ಗಾಡಿ ಇದ್ದದ್ದೆಲ್ಲಿ? ನಿಮ್ಮ ತಮ್ಮನ ಗ್ಯಾರೇಜಲ್ಲಿ. ಸೀಮೆಎಣ್ಣೆ ಇರೋದೆಲ್ಲಿ? ಅದೂ ಗ್ಯಾರೇಜಲ್ಲೇ. ಇದನ್ನ ನಾನು ಇನ್ಸ್‌ಪೆಕ್ಟರಿಗೆ ಹೇಳ್ಲೇಬೇಕಲ್ಲಮ್ಮಾ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ತಮ್ಮನನ್ನು ಬಿಡಿಸಲು ಬಂದವಳು ಅವನ ಕುಣಿಕೆಯನ್ನೇ ಬಿಗಿ ಮಾಡಿದ್ದೆ.

"ಹೇಳಿ" ಎಂದೆ. "ಆದ್ರೆ ನಾಲ್ಕರ ಮೇಲೆ ಹೇಳಿ. ಅಷ್ಟರೊಳಗೆ ಆ ಹದಿಮೂರು ಲೀಟರ್ ಯಾರು ಸುರಿದ್ರು ಅಂತ ನಾನು ಹೇಳ್ತೀನಿ. ಅದು ನನ್ನ ತಮ್ಮನೇ ಆಗಿದ್ರೆ ಅವನ ಹೆಸರನ್ನೇ ಹೇಳ್ತೀನಿ."

"ಆಗ್ಲಿ, ನಾಲ್ಕರವರೆಗೆ" ಎಂದು ಯಜಮಾನ ನನ್ನ ಮುಖ ನೋಡಿ ಒಪ್ಪಿದ.

ಗ್ಯಾರೇಜು ಅಲ್ಲಿಂದ ಎರಡೇ ತಿರುವು. ಷಟರು ಅರ್ಧ ಇಳಿದಿತ್ತು. ತಮ್ಮನ ಹೆಂಡತಿ ಟೂಲ್‌ಬಾಕ್ಸಿನ ಮೇಲೆ ಕೂತು ಒಂದೇ ಸ್ಪ್ಯಾನರನ್ನು ಒರೆಸಿದ್ದೇ ಒರೆಸುತ್ತಿದ್ದಳು.

"ಏನಾದ್ರೂ ಗೊತ್ತಾಯ್ತಾ ಅತ್ತಿಗೆ? ಇವತ್ತು ಬಿಡ್ತಾರಾ?"

"ಅಳಬೇಡ. ಮೊದಲು ಹೇಳು, ಶನಿವಾರ ಅವನು ಟ್ಯಾಂಕು ಖಾಲಿ ಮಾಡಿದ್ದು ಹೌದಾ?"

ಅವಳು ಎದ್ದು ಒಳಕೋಣೆಯಿಂದ ಒಂದು ಕ್ಯಾನು ತಂದಳು. ಮುಚ್ಚಳದ ಮೇಲೆ ಅಡ್ಡಲಾಗಿ ಅಂಟಿಸಿದ ಕಾಗದದ ಪಟ್ಟಿ: 'ಶನಿವಾರ, ಹಸಿರು, ೯ ಲೀಟರ್', ಕೆಳಗೆ ಮೇಷ್ಟ್ರ ಸಹಿ. ತೆಗೆದ ಪೆಟ್ರೋಲನ್ನು ಯಾರೂ ಮುಟ್ಟಬಾರದೆಂದು ಅವರೇ ಹೀಗೆ ಪಟ್ಟಿ ಹಚ್ಚುವ ಪದ್ಧತಿ. ಪಟ್ಟಿ ಹರಿದಿರಲಿಲ್ಲ.

ನನ್ನ ಎದೆ ಹಗುರಾಯಿತು. ತಮ್ಮ ತನ್ನ ಕೆಲಸ ಮಾಡಿದ್ದ, ಮೇಷ್ಟ್ರೇ ಸಾಕ್ಷಿ ಹಾಕಿದ್ದರು. ಹಾಗಾದರೆ ಸುರಿದದ್ದು ಆಮೇಲೆ.

"ಬಿಡಿಭಾಗ ತೊಳೆಯೋ ಸೀಮೆಎಣ್ಣೆ ಎಲ್ಲಿ?"

"ಷೆಡ್ಡಲ್ಲಿದೆ. ಶುಕ್ರವಾರ ಸಂಜೆ ತಂದಿದ್ದು, ಇಪ್ಪತ್ತು ಲೀಟರ್. ಇನ್ನೂ ಮುಚ್ಚಳ ತೆಗೆದಿಲ್ಲ."

ಕ್ಯಾನು ಎತ್ತಿದೆ. ತೀರಾ ಹಗುರವಾಗಿತ್ತು. ನನ್ನ ಐದು ಲೀಟರಿನ ಅಳತೆಗೆ ಸುರಿದೆ. ಒಂದು ಸಲ ಪೂರ್ತಿ ತುಂಬಿತು, ಎರಡನೇ ಸಲ ಎರಡು ಲೀಟರಿಗೆ ಮುಗಿಯಿತು. ಒಟ್ಟು ಏಳು. ನೀಲಿ ಬಣ್ಣ.

ಇಪ್ಪತ್ತರಲ್ಲಿ ಏಳು ಕಳೆದರೆ ಹದಿಮೂರು. ಲೆಕ್ಕ ಸಿಕ್ಕಿತು, ಸಿಗಬಾರದ ಜಾಗದಲ್ಲಿ ಸಿಕ್ಕಿತು. ಆಯಾಸಕ್ಕೋ ಭಯಕ್ಕೋ, ತಮ್ಮನೇ ಏನಾದರೂ ಕೈತಪ್ಪಿ ಸುರಿದುಬಿಟ್ಟನೇ ಎಂದು ನನಗೇ ಅನ್ನಿಸಿತು. ನಾನು ಎತ್ತಿ ಆಡಿಸಿದ ಮಗು ಅವನು. ಆ ಒಂದು ಗಳಿಗೆಯ ಸಂಶಯಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಟ್ಯಾಂಕು ಖಾಲಿ ಮಾಡಿದ ಮೇಲೆ ನೀವೆಲ್ಲ ಎಲ್ಲಿದ್ರಿ?"

"ಒಳಗೆ. ಮೇಷ್ಟ್ರು ಗೊತ್ತಲ್ಲ ಅತ್ತಿಗೆ, ತೆಗೆದ ಪೆಟ್ರೋಲನ್ನ ಲೀಟರ್ ಲೀಟರಾಗಿ ಅಳೆದು ಬರ್ಕೊಳ್ಳಬೇಕು. ಇವರು ಲಾಳಿಕೆ ಹಿಡ್ಕೊಂಡಿದ್ರು, ನಾನು ಪಟ್ಟಿಗೆ ಗೋಂದು ಹಚ್ತಿದ್ದೆ. ಕಾಲು ಗಂಟೆ ಆಯ್ತು."

"ಗಾಡಿ?"

"ಷೆಡ್ಡಲ್ಲೇ. ಟ್ಯಾಂಕಿನ ಮುಚ್ಚಳ ತೆಗೆದೇ ಇತ್ತು, ಗಾಳಿ ಆಡ್ಲಿ ಅಂತ."

"ಆಗ ಇಲ್ಲಿಗೆ ಯಾರು ಬಂದಿದ್ರು?"

"ಯಾರೂ ಇಲ್ಲ."

"ಸರಿಯಾಗಿ ನೆನಪು ಮಾಡ್ಕೋ."

"ಹೊರಗಿನೋರು ಯಾರೂ ಬಂದಿಲ್ಲ ಅತ್ತಿಗೆ. ದೇವರಾಣೆ."

ಗಂಟೆ ಮೂರಾಗಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಷೆಡ್ಡಿನ ನೆಲಕ್ಕೆ ಕೂತೆ. ಹದಿಮೂರು ಲೀಟರನ್ನು ಕ್ಯಾನಿನಿಂದ ಟ್ಯಾಂಕಿನ ಸಣ್ಣ ಬಾಯಿಗೆ ಯಾರೂ ನೇರ ಸುರಿಯಲಾರರು. ಲಾಳಿಕೆ ಬೇಕು. ಗ್ಯಾರೇಜಿನ ಒಂದೇ ಲಾಳಿಕೆ ಆಗ ಒಳಗೆ ತಮ್ಮನ ಕೈಯಲ್ಲಿತ್ತು. ಹಾಗಾದರೆ ಸುರಿದವರು ಏನು ಬಳಸಿದರು? ಜಾಕು ಸರಿಸಿದೆ. ಬ್ಯಾಟರಿಗಳನ್ನು ಸರಿಸಿದೆ. ಹಳೇ ಟೈರುಗಳನ್ನು ಒಂದೊಂದಾಗಿ ಎಳೆದು ಉರುಳಿಸಿದೆ. ಐವತ್ತಾರರ ಸೊಂಟ ಬೇಡ ಬೇಡ ಎಂದಿತು, ಅದರ ಮಾತು ಕೇಳಲಿಲ್ಲ.

ಕೊನೆಯ ಟೈರಿನ ಹೊಟ್ಟೆಯೊಳಗೆ ಮುದುರಿ ಎಸೆದ ಒಂದು ಕಾಗದ ಸಿಕ್ಕಿತು. ಬಿಡಿಸಿದೆ. ಪೊಟ್ಟಣದ ಸುತ್ತಿನ ಗುರುತು ಹಾಗೇ ಇತ್ತು. ತುದಿ ಮಡಚಿತ್ತು. ಒಳಮೈ ಉದ್ದಕ್ಕೂ ನೀಲಿ ಕಲೆ, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ವಾಸನೆ.

ಮೆಕ್ಯಾನಿಕ್ಕು ಕಾಗದ ಸುತ್ತುವುದಿಲ್ಲ. ಕಾಗದ ಸುತ್ತುವುದು ಬಂಕಿನವರ ಕೈ.

ಹಾಳೆಯನ್ನು ಬೆಳಕಿಗೆ ಹಿಡಿದೆ. ತಾರೀಖು, ಉಷ್ಣತೆ, ಸಾಂದ್ರತೆ ಎಂದು ಅಚ್ಚಾದ ಕಾಲಂಗಳು. ಸಾಂದ್ರತೆಯ ರಿಜಿಸ್ಟರಿನದೇ ಹಾಳೆ. ಆದರೆ ಸುತ್ತಲಿನ ಅಂಚು ಕೆಂಪಾಗಿರಲಿಲ್ಲ.

ಹಸಿರಾಗಿತ್ತು.

"ಕೂಸೇ," ಹಾಳೆಯನ್ನು ಅವಳ ಮುಂದೆ ಹಿಡಿದೆ, "ಹೊರಗಿನೋರು ಯಾರೂ ಬರಲಿಲ್ಲ ಅಂದೆ. ಒಳಗಿನೋರು?"

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. "ಹಸಿರು ಬಂಕಿನ ಅಣ್ಣ ಬಂದಿದ್ರು. ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ, ನಾನು ಗಾಡಿ ಹತ್ರ ನಿಂತಿರ್ತೀನಿ ಅಂದ್ರು. ಅವರು ಹೊರಗಿನೋರಾ ಅತ್ತಿಗೆ?"

ಒಂದೊಂದಾಗಿ ಎಲ್ಲ ಕಣ್ಣಮುಂದೆ ಬಂತು. ಇಲ್ಲಿಂದ ಗಾಡಿ ಹೋಗುವುದು ಕೆಂಪು ಬಂಕಿಗೆಂದು ಅವನಿಗೆ ಗೊತ್ತು. ಸೀಮೆಎಣ್ಣೆ ಸೇರಿದ ಗಾಡಿ ಕೆಮ್ಮುತ್ತದೆ, ಓಟ ಬೀಳುತ್ತದೆ, ಹೆಸರು ಕೆಡುವುದು ಕೆಂಪಿಗೆ. ಸಮ ಎಂದು ಹೇಳಲು ಹೊರಟಿದ್ದ ಮೇಷ್ಟ್ರು ಭಾನುವಾರ ಸಭೆಯಲ್ಲಿ ಬಾಯಿ ಮುಚ್ಚಬೇಕಾಗುತ್ತದೆ. ಅವನು ಲೆಕ್ಕ ಹಾಕಿದ್ದು ಅಷ್ಟೇ ಇರಬೇಕು. ಸೇತುವೆಯ ಏರನ್ನು, ಹಿಂದೆ ಬರುವ ಬಸ್ಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇಷ್ಟ್ರಿಗೆ ಹೀಗಾದ ಮೇಲೆ ತಪ್ಪು ಯಾರದೋ ಒಬ್ಬರ ತಲೆಗೆ ಬೀಳಲೇಬೇಕಿತ್ತು. ಎದುರಿನವನಲ್ಲದಿದ್ದರೆ ನನ್ನ ತಮ್ಮ.

ಕುರಿ ಕಾಯಲು ತೋಳವನ್ನು ಕಳಿಸಿದವಳು ನಾನೇ. ಆ ತೋಳ ಬೆಳಿಗ್ಗೆಯಿಂದ ನನ್ನ ತಮ್ಮನ ಪಕ್ಕ ಕೂತಿತ್ತು.

ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೆ, ಮೇಷ್ಟ್ರ ಪಟ್ಟಿಯಿದ್ದ ಕ್ಯಾನನ್ನು ಕೈಗೆ ತೆಗೆದುಕೊಂಡೆ. ಇನ್ನೇನು ಷಟರು ದಾಟಬೇಕು, ಫೋನು ಬಡಿದುಕೊಂಡಿತು. ಠಾಣೆಯ ಹೆಡ್ ಕಾನ್‌ಸ್ಟೇಬಲ್. ಮೂರೂ ಇಪ್ಪತ್ತು.

"ಮೇಡಂ, ನಿಮಗೆ ಒಳ್ಳೇ ಸುದ್ದಿ" ಎಂದ. "ನಿಮ್ಮ ತಮ್ಮ ಒಪ್ಕೊಂಡ್ರು. ಸೀಮೆಎಣ್ಣೆ ಕ್ಯಾನು ಕೈತಪ್ಪಿ ಸುರಿದೆ, ಅಜಾಗರೂಕತೆ ಅಂತ ಬರ್ಕೊಡ್ತಿದ್ದಾರೆ. ಹಾಗೆ ಬರ್ಕೊಟ್ರೆ ಸಂಜೆಗೇ ಜಾಮೀನು ಅಂತ ನೀವು ಕಳಿಸಿದ ಯಜಮಾನ್ರು ಸಮಾಧಾನ ಹೇಳಿ ಒಪ್ಪಿಸಿದ್ರು. ಪಾಪ, ಪೆನ್ನು ಕೂಡ ಅವರದೇ."

ಟ್ಯಾಂಕಿನಲ್ಲಿ ಸೀಮೆಎಣ್ಣೆ ಇತ್ತೆಂಬುದು ಒಂದೂವರೆ ಗಂಟೆಗೆ ಫಿಲ್ಟರ್ ಪೇಪರು ಆರಿದಾಗ ಗೊತ್ತಾದ ಸಂಗತಿ. ನೋಡಿದ್ದು ನಾನು ಮತ್ತು ಕೆಂಪು ಬಂಕಿನ ಯಜಮಾನ. ಠಾಣೆಯಲ್ಲಿ ಕೂತವರಿಗೆ ಅದನ್ನು ಯಾರೂ ಹೇಳಿರಲಿಲ್ಲ.

"ಸಹಿ ಹಾಕಿಸ್ಬೇಡಿ!" ನಾನು ಕಿರುಚಿದೆ. "ಫೋನು ನನ್ನ ತಮ್ಮನಿಗೆ ಕೊಡಿ. ಈಗಲೇ ಕೊಡಿ!"

ಆ ಕಡೆ ಕುರ್ಚಿ ಸರಿದ ಸದ್ದು, ಫೋನು ಕೈಯಿಂದ ಕೈಗೆ ದಾಟಿದ ಸದ್ದು. ಯಾರೋ ನಿಧಾನವಾಗಿ ಉಸಿರೆಳೆದುಕೊಂಡರು.

"ತಮ್ಮಾ, ನಾನು ಹೇಳೋದು ಕೇಳು. ಪೆನ್ನು ಕೆಳಗಿಡು. ಅವನು ಏನೇ ಹೇಳಿದ್ರೂ ಸಹಿ ಹಾಕ್ಬೇಡ."

"ಅಕ್ಕ, ನಾನು" ಎಂದಿತು ಬೆಳಿಗ್ಗೆ ನನ್ನನ್ನು ಅಳಿಸಿದ್ದ ಅದೇ ಬೆಲ್ಲದಂಥ ಧ್ವನಿ. "ತಮ್ಮ ಸಹಿ ಹಾಕ್ತಾ ಇದ್ದಾನೆ, ಕೈ ಬಿಡುವಿಲ್ಲ. ಗ್ಯಾರೇಜಲ್ಲೇ ಇದ್ದೀರಲ್ಲ? ಆ ಟೈರುಗಳನ್ನೆಲ್ಲ ನೀವೇ ಎತ್ತಿದ್ರಾ?"